ಕುಣಿತಕ್ಕೆ ಎಷ್ಟು ಮಾರ್ಕು?

2010ರ ಫೆಬ್ರವರಿ 12, ಶುಕ್ರವಾರ, ಶಿವರಾತ್ರಿ. ಆಫೀಸಿಗೆ ರಜೆ ಹಾಕಿ ಉಮ್ಮತ್ತೂರಿಗೆ ಹೋಗಿದ್ದೆ. ಚಾಮರಾಜನಗರ ತಾಲ್ಲೂಕಿನ ಈ ಊರು ನಮ್ಮಮ್ಮನ ತವರು. ಇತಿಹಾಸದ ಪುಸ್ತಕದಲ್ಲಿ ಉಮ್ಮತ್ತೂರಿನ ಹೆಸರು ಬರೋದು ಸೋತವರ ಸಾಲಿನಲ್ಲಿ. ಕೃಷ್ಣದೇವರಾಯ ಪಟ್ಟಕ್ಕೆ ಬಂದ ಹೊಸದರಲ್ಲಿ ಇಲ್ಲಿನ ಪಾಳೆಯಗಾರ ಗಂಗರಾಜನ ಮೇಲೆ ದಂಡೆತ್ತಿ ಬಂದ, ಗೆದ್ದ, ಹೋದ. ಆಮೇಲೆ ನಾವು ಯಾವ ಪುಸ್ತಕಕ್ಕೂ ಅಷ್ಟಾಗಿ ಬೇಕಾಗಲಿಲ್ಲ.

ಮನೆ ಒಳಗೆ ಕಾಲಿಟ್ಟರೆ ನಡುಮನೆ ಗೋಡೆಯ ಗೂಟ ಖಾಲಿ. ಅಲ್ಲಿ ತೂಗುಹಾಕಿರುತ್ತಿದ್ದ ಕಂಸಾಳೆ ಇಲ್ಲ ಅಂದ್ರೆ ಸೋದರಮಾವ ಬೆಟ್ಟಕ್ಕೆ ಹೋಗಿದ್ದಾರೆ ಅಂತ ಅರ್ಥ. ನಮ್ಮ ಕಡೆ ಬರೀ ‘ಬೆಟ್ಟ’ ಅಂದ್ರೆ ಮಲೆ ಮಹದೇಶ್ವರ ಬೆಟ್ಟ. ಮಾವ ದೀಕ್ಷೆ ತಗೊಂಡ ದೇವರಗುಡ್ಡ. ಎಡಗೈಲಿ ಬಟ್ಟಲಿನಂಥ ಕಂಚಿನ ತಾಳ, ಬಲಗೈಲಿ ದಾರ ಕಟ್ಟಿದ ಇನ್ನೊಂದು ತಾಳ. ಬಲಗೈದನ್ನು ಬೀಸಿ ತಲೆ ಮೇಲೆ, ಬೆನ್ನ ಹಿಂದೆ ಸುತ್ತಿಸಿ ಬಟ್ಟಲಿಗೆ ಬಡಿಯಬೇಕು. ಬೀಸು ಕಂಸಾಳೆ ಅನ್ನೋದು ಅದಕ್ಕೇ. ಒಂದು ಚೂರು ಲೆಕ್ಕ ತಪ್ಪಿದರೆ ಪಕ್ಕದವನ ಕಿವಿ ಹೋಗುತ್ತೆ.

ಅದೇ ದಿನ ಸಂಜೆ ಕೆನಡಾದ ವ್ಯಾಂಕೂವರ್‌ನಲ್ಲಿ ಚಳಿಗಾಲದ ಒಲಿಂಪಿಕ್ಸ್ ಉದ್ಘಾಟನೆ ಆಯ್ತು. ಭಾರತದಿಂದ ಹೋಗಿದ್ದವರು ಮೂರೇ ಜನ. ಅವರಲ್ಲಿ ಫಿಗರ್ ಸ್ಕೇಟಿಂಗ್‌ನವರು ಯಾರೂ ಇಲ್ಲ. ಆದರೂ ಹತ್ತು ದಿನ ಕಳೆಯೋ ಹೊತ್ತಿಗೆ ನಮ್ಮ ಆಫೀಸಿನ ತುಂಬ ಫಿಗರ್ ಸ್ಕೇಟಿಂಗ್‌ದೇ ಮಾತು. ಮೆರಿಲ್ ಡೇವಿಸ್, ಚಾರ್ಲಿ ವೈಟ್ ಅನ್ನೋ ಅಮೆರಿಕದ ಜೋಡಿ ಐಸ್ ಮೇಲೆ ‘ಕಜರಾ ರೇ’ಗೆ ಕುಣಿದಿತ್ತು! ಜತೆಗೆ ‘ದೇವದಾಸ್’ ಚಿತ್ರದ ಎರಡು ಹಾಡು. ಹುಡುಗಿಗೆ ಘಾಗ್ರಾ ಥರದ ಉಡುಪು, ಹಣೆಗೆ ಬೊಟ್ಟು, ಕೈಯಲ್ಲಿ ಮುದ್ರೆಗಳು. ಆ ವಿಡಿಯೋದ ಲಿಂಕ್ ನನಗೆ ಒಂದೇ ದಿನ ಏಳು ಜನರಿಂದ ಬಂತು. ನಾನೂ ಇನ್ನೇಳು ಜನಕ್ಕೆ ಕಳಿಸಿದೆ.

ಯುಗಾದಿಗೆ ಊರಿಗೆ ಹೋದಾಗ ಲ್ಯಾಪ್‌ಟಾಪ್‌ನಲ್ಲಿ ಅದನ್ನ ಮಾವನಿಗೆ ತೋರಿಸಿದೆ.

“ಇದ್ಯಾವ ಕುಣ್ತ ಮಗ?”

“ಇಂಡಿಯಾದ ಜಾನಪದ ನೃತ್ಯ ಅಂತೆ ಮಾವ.”

“ಯಾವೂರಲ್ಲಿ ಕುಣಿತಾರು ಇದ?”

ನನ್ನ ಹತ್ರ ಉತ್ತರ ಇರಲಿಲ್ಲ. ಸಿನಿಮಾದಲ್ಲಿ ಅಂದೆ. ಮಾವ ನಕ್ಕರು. ಸ್ವಲ್ಪ ಹೊತ್ತು ನೋಡಿ, “ಮಾರ್ಕ್ ಕೊಡೋರು ಯಾರು?” ಅಂದ್ರು. ಒಂಬತ್ತು ಜನ ಜಡ್ಜ್‌ಗಳು ಕೂತಿರ್ತಾರೆ ಅಂದೆ.

“ಅವ್ರು ಕುಣಿದೋರಾ?”

ಈ ಪ್ರಶ್ನೆ ತಲೆಯಲ್ಲಿ ಕೂತುಬಿಡ್ತು. ಅವತ್ತಿಂದ ಫಿಗರ್ ಸ್ಕೇಟಿಂಗ್‌ನ ಇತಿಹಾಸ ಸಿಕ್ಕಿದ ಕಡೆಯೆಲ್ಲ ಓದಿದ್ದೀನಿ. ಅದು ಮೆಡಲ್‌ಗಳ ಕತೆ ಅನ್ನೋದಕ್ಕಿಂತ ಚೆಂದಕ್ಕೆ ನಂಬರ್ ಹಾಕೋದು ಹೇಗೆ ಅಂತ ನೂರು ವರ್ಷ ಒದ್ದಾಡಿದವರ ಕತೆ.

ಮೊದಲು ಆ ಹೆಸರನ್ನೇ ನೋಡಿ. ಫಿಗರ್ ಅಂದ್ರೆ ಮೈಕಟ್ಟಲ್ಲ, ಚಿತ್ರ. ಸ್ಕೇಟಿನ ಬ್ಲೇಡಿನಿಂದ ಐಸ್ ಮೇಲೆ ಎಳೆಯೋ ಗೆರೆ. ಬ್ಲೇಡಿನ ತಳದಲ್ಲಿ ಉದ್ದಕ್ಕೂ ಸಣ್ಣ ಹಳ್ಳ ಇರುತ್ತೆ, ಹಾಗಾಗಿ ಅದಕ್ಕೆ ಒಳಗಡೆ ಒಂದು, ಹೊರಗಡೆ ಒಂದು ಅಂಚು. ಯಾವುದೋ ಒಂದು ಅಂಚಿನ ಮೇಲೆ ವಾಲಿಕೊಂಡು ಹೋದರೆ ಒಂಟಿ ಗೆರೆ ಬೀಳುತ್ತೆ. ಎರಡೂ ಅಂಚು ತಾಗಿದರೆ ಜೋಡಿ ಗೆರೆ ಬಿದ್ದು ತಪ್ಪು ಸಿಕ್ಕಿಬೀಳುತ್ತೆ. ಒಂದು ಕಾಲಲ್ಲಿ ಒಂದು ಸೊನ್ನೆ, ಇನ್ನೊಂದು ಕಾಲಲ್ಲಿ ಪಕ್ಕಕ್ಕೆ ಇನ್ನೊಂದು ಸೊನ್ನೆ: ಇಂಗ್ಲಿಷಿನ ಎಂಟು. ಒಂದೊಂದು ಸೊನ್ನೆಯ ಅಗಲ ಸ್ಕೇಟರ್‌ನ ಎತ್ತರದ ಮೂರರಷ್ಟಿರಬೇಕು. ಒಂದು ಸಲ ಎಳೆದ ಗೆರೆ ಮೇಲೇ ಮತ್ತೆ ಮತ್ತೆ ಹೋಗಬೇಕು, ಗೆರೆ ಎರಡಾಗಬಾರದು. ಆಮೇಲೆ ಜಡ್ಜ್‌ಗಳು ಐಸ್ ಮೇಲೆ ಬಂದು ಬಗ್ಗಿ, ಕೆಲವರು ಮಂಡಿಯೂರಿ, ಗೆರೆ ನೋಡ್ತಿದ್ರು. ನಮ್ಮಜ್ಜಿ ಬೆಳಗ್ಗೆ ಬಾಗಿಲಿಗೆ ರಂಗೋಲಿ ಬಿಟ್ಟಾದ ಮೇಲೆ ಸೊಂಟದ ಮೇಲೆ ಕೈಯಿಟ್ಟು ಪಕ್ಕದ ಮನೆ ರಂಗೋಲಿ ನೋಡ್ತಿದ್ದರಲ್ಲ, ಹಾಗೆ.

ಇದು ಮೊದಲು ಒಲಿಂಪಿಕ್ಸ್‌ಗೆ ಬಂದಿದ್ದು 1908ರಲ್ಲಿ, ಲಂಡನ್‌ನಲ್ಲಿ. ಆಗಿನ್ನೂ ಚಳಿಗಾಲದ ಒಲಿಂಪಿಕ್ಸ್ ಅನ್ನೋದೇ ಹುಟ್ಟಿರಲಿಲ್ಲ. ಬೇಸಿಗೆ ಕೂಟದ ಬಾಲಂಗೋಚಿಯಾಗಿ ಅಕ್ಟೋಬರ್ ಕೊನೆಯಲ್ಲಿ ನೈಟ್ಸ್‌ಬ್ರಿಜ್‌ನ ಪ್ರಿನ್ಸಸ್ ಸ್ಕೇಟಿಂಗ್ ಕ್ಲಬ್ಬಿನಲ್ಲಿ ಸ್ಪರ್ಧೆ ಮಾಡಿ ಮುಗಿಸಿದರು. ಅದರಲ್ಲಿ ‘ಸ್ಪೆಷಲ್ ಫಿಗರ್ಸ್’ ಅಂತ ಒಂದು ವಿಭಾಗ ಇತ್ತು. ಸ್ಪರ್ಧಿಗಳು ತಾವೇ ಕಲ್ಪಿಸಿಕೊಂಡ ಜಟಿಲವಾದ ಚಿತ್ರವನ್ನ ಮೊದಲೇ ಕಾಗದದಲ್ಲಿ ಬರೆದು ಕೊಟ್ಟು, ಅದನ್ನೇ ಐಸ್ ಮೇಲೆ ಕಾಲಲ್ಲಿ ಬಿಡಿಸಬೇಕು. ರಷ್ಯಾದ ನಿಕೊಲಾಯ್ ಪಾನಿನ್ ಅದರಲ್ಲಿ ಚಿನ್ನ ಗೆದ್ದ. ಒಲಿಂಪಿಕ್ಸ್‌ನಲ್ಲಿ ರಂಗೋಲಿ ಸ್ಪರ್ಧೆ ಅಂತ ನಡೆದಿದ್ದರೆ ಅದು ಅದೊಂದೇ ಸಲ, ಆಮೇಲೆ ಆ ವಿಭಾಗವನ್ನೇ ತೆಗೆದುಹಾಕಿದರು.

ಆ ಕೂಟದಲ್ಲಿ ಹೆಂಗಸರ ಚಿನ್ನ ಗೆದ್ದ ಮ್ಯಾಜ್ ಸೈಯರ್ಸ್ ಬಗ್ಗೆ ಹೇಳದೆ ಮುಂದೆ ಹೋಗೋಕೆ ನನಗೆ ಮನಸ್ಸಿಲ್ಲ. 1902ರ ವಿಶ್ವ ಚಾಂಪಿಯನ್‌ಷಿಪ್‌ಗೆ ಈಕೆ ಹೆಸರು ಕೊಟ್ಟಾಗ ಸಂಘಟಕರು ನಿಯಮದ ಪುಸ್ತಕ ತಿರುವಿ ಹಾಕಿದರು. ಹೆಂಗಸರು ಸ್ಪರ್ಧಿಸಬಾರದು ಅಂತ ಎಲ್ಲೂ ಬರೆದಿರಲಿಲ್ಲ. ಹಾಗೆ ಬರೆಯಬೇಕು ಅಂತ ಯಾರಿಗೂ ಹೊಳೆದೇ ಇರಲಿಲ್ಲ! ಆಕೆ ಗಂಡಸರ ಜತೆ ಸ್ಪರ್ಧಿಸಿ ಎರಡನೇ ಸ್ಥಾನ ತಗೊಂಡಳು. ಗೆದ್ದವನು ಉಲ್ರಿಕ್ ಸಾಲ್ಕೊವ್, ಇವತ್ತಿಗೂ ಒಂದು ಜಂಪಿಗೆ ಅವನ ಹೆಸರಿದೆ. ಮುಂದಿನ ವರ್ಷ ನಿಯಮ ಬಂತು: ಹೆಂಗಸರಿಗೆ ಪ್ರವೇಶ ಇಲ್ಲ. ಕೊಟ್ಟ ಕಾರಣಗಳಲ್ಲಿ ಒಂದು, ಉದ್ದ ಲಂಗದಿಂದಾಗಿ ಜಡ್ಜ್‌ಗಳಿಗೆ ಕಾಲು ಕಾಣಲ್ಲ ಅನ್ನೋದು. ಗೆರೆ ನೋಡಿ ಮಾರ್ಕು ಕೊಡೋ ಆಟದಲ್ಲಿ ಕಾಲು ಕಾಣಲಿಲ್ಲ ಅನ್ನೋ ನೆಪ!

ಚಮೋನಿಯಲ್ಲಿ 1924ರಲ್ಲಿ ಚಳಿಗಾಲದ ಒಲಿಂಪಿಕ್ಸ್ ಬೇರೆಯಾಯ್ತು. ಅಲ್ಲಿ ಹನ್ನೊಂದು ವರ್ಷದ ಸೋನ್ಯಾ ಹೆನಿ ಅನ್ನೋ ನಾರ್ವೆಯ ಹುಡುಗಿ ಕಟ್ಟಕಡೆಯ ಸ್ಥಾನ ಪಡೆದಳು, ಮುಂದಿನ ಮೂರು ಒಲಿಂಪಿಕ್ಸ್‌ನಲ್ಲೂ ಚಿನ್ನ ಗೆದ್ದಳು, ಹಾಲಿವುಡ್‌ಗೆ ಹೋದಳು. ಅದು ಎಲ್ಲರಿಗೂ ಗೊತ್ತಿರೋ ಕತೆ, ಬಿಡಿ. ನನಗೆ ಮುಖ್ಯ ಅನ್ನಿಸೋದು 1972ರ ಸಪ್ಪೊರೊ. ಆಸ್ಟ್ರಿಯಾದ ಬಿಯಾಟ್ರಿಕ್ಸ್ ಶೂಬಾ ಗೆರೆ ಎಳೆಯೋದರಲ್ಲಿ ಅಪ್ರತಿಮಳು. ಮೊದಲು ನಡೆಯೋ ಆ ಭಾಗದಲ್ಲಿ ಎಷ್ಟು ಮುಂದೆ ಹೋದಳು ಅಂದ್ರೆ, ಕುಣಿಯೋ ಭಾಗದಲ್ಲಿ ಏಳನೆಯವಳಾದರೂ ಚಿನ್ನ ಅವಳಿಗೇ ಬಂತು. ಅಮೆರಿಕದ ಜಾನೆಟ್ ಲಿನ್ ತಿರುಗೋವಾಗ ಬಿದ್ದು, ನಗುತ್ತಲೇ ಎದ್ದು ಕುಣಿದಳು. ಜಪಾನಿಗರು ಅವಳಿಗೆ ಮನಸ್ಸು ಕೊಟ್ಟುಬಿಟ್ಟರು, ಸಿಕ್ಕಿದ್ದು ಮಾತ್ರ ಕಂಚು. ಇಷ್ಟೊತ್ತಿಗೆ ಟಿವಿ ಬಂದಿತ್ತು. ಟಿವಿಯಲ್ಲಿ ಗೆರೆ ಕಾಣಲ್ಲ. ಗಂಟೆಗಟ್ಟಲೆ ಸೊನ್ನೆ ಸುತ್ತೋದನ್ನ ಯಾವ ಚಾನೆಲ್ ತೋರಿಸುತ್ತೆ? ಹಾಗಾಗಿ ಚೆನ್ನಾಗಿ ಕುಣಿದ ಹುಡುಗಿ ಸೋತು, ಸಾಧಾರಣವಾಗಿ ಕುಣಿದ ಹುಡುಗಿ ಯಾಕೆ ಗೆದ್ದಳು ಅಂತ ಜನಕ್ಕೆ ಅರ್ಥ ಆಗಲಿಲ್ಲ.

ಒಂದು ಕಾಲದಲ್ಲಿ ನೂರಕ್ಕೆ ಅರವತ್ತು ಅಂಕ ಇದ್ದ ಗೆರೆಯ ಪಾಲು ಐವತ್ತಾಯ್ತು, ನಲವತ್ತಾಯ್ತು, ಮೂವತ್ತಾಯ್ತು. 1990ರಲ್ಲಿ ಪೂರ್ತಿ ನಿಂತುಹೋಯ್ತು. ಹೆಸರಿನಲ್ಲಿ ಮಾತ್ರ ಫಿಗರ್ ಉಳಿಯಿತು. ಶೂಬಾಗೆ ಅನ್ಯಾಯವಾಗಿ ಚಿನ್ನ ಸಿಕ್ಕಿತು ಅಂತ ಬರೆಯೋರು ಬಹಳ. ನನಗೆ ಹಾಗನ್ನಿಸಲ್ಲ. ಆಟದ ನಿಯಮದಲ್ಲಿ ಇದ್ದಿದ್ದನ್ನ ಅವಳು ಎಲ್ಲರಿಗಿಂತ ಚೆನ್ನಾಗಿ ಮಾಡಿದಳು. ಅಳೆಯೋಕೆ ಸಾಧ್ಯವಿದ್ದ ಭಾಗ ಅದೊಂದೇ ಆಗಿತ್ತು, ಅದನ್ನೇ ತೆಗೆದರು. ಆಮೇಲೆ ಉಳಿದದ್ದೆಲ್ಲ ಜಡ್ಜ್‌ಗಳ ಕಣ್ಣಿಗೆ ಬಿಟ್ಟಿದ್ದು.

ಆ ಕಣ್ಣಿನ ಕತೆಗೆ ಬರೋಣ. ಹಳೆಯ ಪದ್ಧತಿಯಲ್ಲಿ ಗರಿಷ್ಠ 6.0 ಅಂಕ. 1984ರಲ್ಲಿ ಸರಾಯೆವೊದಲ್ಲಿ ಟಾರ್ವಿಲ್ ಮತ್ತು ಡೀನ್ ‘ಬೊಲೆರೊ’ಗೆ ಕುಣಿದಾಗ ಒಂಬತ್ತೂ ಜಡ್ಜ್‌ಗಳು ಕಲಾತ್ಮಕತೆಗೆ 6.0 ಕೊಟ್ಟಿದ್ದರು. ಆದರೆ ಅಲ್ಲೊಂದು ಗುಟ್ಟಿತ್ತು. ಆ ಅಂಕಗಳನ್ನ ಕೂಡಿಸಿ ಗೆದ್ದವರನ್ನ ನಿರ್ಧರಿಸುತ್ತಿರಲಿಲ್ಲ. ಯಾವ ಜಡ್ಜ್ ಯಾರನ್ನ ಎಷ್ಟನೇ ಸ್ಥಾನದಲ್ಲಿ ಇಟ್ಟ ಅನ್ನೋದಷ್ಟೇ ಲೆಕ್ಕ. 5.8, 5.9 ಎಲ್ಲ ಆ ಸಾಲು ಕಟ್ಟೋಕೆ ಬಳಸೋ ಗುರುತುಗಳು. ಅಪ್ರೈಸಲ್‌ನಲ್ಲಿ ಬೆಲ್ ಕರ್ವ್ ಅನುಭವಿಸಿದವರಿಗೆ ನಾನು ಇದನ್ನ ಹೆಚ್ಚು ವಿವರಿಸಬೇಕಿಲ್ಲ. ಫಾರ್ಮಿನಲ್ಲಿ ಏನೇ ತುಂಬಿದರೂ ಮ್ಯಾನೇಜರ್ ತಲೆಯಲ್ಲಿ ಸಾಲು ಮೊದಲೇ ನಿಂತಿರುತ್ತೆ.

ಈ ಸಾಲು ಎಲ್ಲಕ್ಕಿಂತ ಗಟ್ಟಿಯಾಗಿ ನಿಂತಿದ್ದು ಐಸ್ ಡ್ಯಾನ್ಸ್‌ನಲ್ಲಿ. 1976ರಲ್ಲಿ ಒಲಿಂಪಿಕ್ಸ್‌ಗೆ ಸೇರಿದ ಈ ವಿಭಾಗದಲ್ಲಿ ಉಳಿದವರ ಥರ ಗಾಳಿಯಲ್ಲಿ ಮೂರು ಸುತ್ತು ತಿರುಗೋ ಜಂಪ್‌ಗಳಿಲ್ಲ, ಹಾಗಾಗಿ ಬೀಳೋರೂ ಕಡಿಮೆ. ಬಿದ್ದರೆ ತಾನೇ ಸಾಲು ಬದಲಾಗೋದು? 1998ರ ನಗಾನೊ ಹೊತ್ತಿಗೆ ಕೆನಡಾದ ಜಡ್ಜ್ ಜೀನ್ ಸೆಂಫ್ಟ್‌ಗೆ ಸಾಕಾಗಿತ್ತು. ಉಕ್ರೇನಿನ ಜಡ್ಜ್ ಯೂರಿ ಬಾಲ್ಕೊವ್ ಸ್ಪರ್ಧೆ ಮುಗಿಯೋಕೂ ಮುಂಚೆ ಫೋನಿನಲ್ಲಿ ಯಾರ್ಯಾರು ಎಷ್ಟನೆಯವರು ಅಂತ ಹೇಳಿದ್ದನ್ನ ಆಕೆ ಟೇಪ್ ಮಾಡಿಕೊಂಡಳು. ಕ್ರಮ ಏನಾಯ್ತು ಅಂತೀರಾ? ಅವನಿಗೂ ಅಮಾನತು, ಟೇಪ್ ಮಾಡಿದ ಆಕೆಗೂ ಅಮಾನತು.

ನಾಲ್ಕು ವರ್ಷಕ್ಕೆ ಸಾಲ್ಟ್ ಲೇಕ್ ಸಿಟಿಯಲ್ಲಿ ಎಲ್ಲ ಒಡೆದುಹೋಯ್ತು. ಜೋಡಿಗಳ ವಿಭಾಗದಲ್ಲಿ ರಷ್ಯಾದ ಬೆರೆಜ್ನಾಯಾ ಮತ್ತು ಸಿಖರುಲಿದ್ಜೆ ಸಣ್ಣದಾಗಿ ಎಡವಿದರು, ಕೆನಡಾದ ಸಾಲೆ ಮತ್ತು ಪೆಲ್ಟಿಯೆ ಎಡವಲಿಲ್ಲ. ಆದರೂ 5–4ರಲ್ಲಿ ಚಿನ್ನ ರಷ್ಯಾಕ್ಕೆ. ಫ್ರಾನ್ಸಿನ ಜಡ್ಜ್ ಮರಿ-ರೇನ್ ಲೆ ಗೂನ್ ತನ್ನ ಮೇಲೆ ಒತ್ತಡ ಇತ್ತು ಅಂತ ಅತ್ತಳು, ಆಮೇಲೆ ಮಾತು ಬದಲಿಸಿದಳು. ಜೋಡಿಗಳಲ್ಲಿ ರಷ್ಯಾಕ್ಕೆ ವೋಟು, ಐಸ್ ಡ್ಯಾನ್ಸ್‌ನಲ್ಲಿ ಫ್ರಾನ್ಸಿಗೆ ವೋಟು ಅಂತ ಒಪ್ಪಂದ ಆಗಿತ್ತು ಅನ್ನೋದು ಆರೋಪ. ಆಕೆಗೂ ಫ್ರೆಂಚ್ ಫೆಡರೇಷನ್ ಅಧ್ಯಕ್ಷನಿಗೂ ಮೂರು ವರ್ಷ ನಿಷೇಧ ಬಿತ್ತು, ಕೆನಡಾದವರಿಗೂ ಇನ್ನೊಂದು ಜತೆ ಚಿನ್ನ ಕೊಟ್ಟರು. ಮದುವೆ ಊಟದಲ್ಲಿ ಜಗಳ ಆದರೆ ಇನ್ನೊಂದು ಪಂಕ್ತಿ ಹಾಕಿಸ್ತಾರಲ್ಲ, ಹಾಗೆ.

6.0 ಹೋಗಿ ಹೊಸ ಪದ್ಧತಿ ಬಂತು. ಪ್ರತಿ ಜಂಪಿಗೆ, ಪ್ರತಿ ಸುತ್ತಿಗೆ ಇಷ್ಟು ಅಂತ ಮೂಲಬೆಲೆ, ಚೆನ್ನಾಗಿ ಮಾಡಿದರೆ ಮೇಲೊಂದಿಷ್ಟು, ಕೆಟ್ಟರೆ ಕಡಿತ, ಒಟ್ಟು ಚೆಂದಕ್ಕೆ ಬೇರೆ ಅಂಕ. ಬೆಲ್ ಕರ್ವ್ ತೆಗೆದು ಕೆಆರ್‌ಎ ಕೊಟ್ಟ ಹಾಗೆ. ಒತ್ತಡ ಬೀಳದಿರಲಿ ಅಂತ ಯಾವ ಜಡ್ಜ್ ಎಷ್ಟು ಕೊಟ್ಟ ಅನ್ನೋದನ್ನೂ ಮುಚ್ಚಿಟ್ಟರು. ಕಳ್ಳತನ ತಡೆಯೋಕೆ ಬೀದಿ ದೀಪ ಆರಿಸಿದಂತಿದ್ದ ಈ ವ್ಯವಸ್ಥೆ 2016ರ ತನಕ ನಡೆಯಿತು.

ಈಗ ವ್ಯಾಂಕೂವರ್‌ಗೆ ವಾಪಸ್. ಆ ವರ್ಷ ಐಸ್ ಡ್ಯಾನ್ಸ್‌ನಲ್ಲಿ ಎಲ್ಲ ಜೋಡಿಗಳಿಗೂ ಕಡ್ಡಾಯ ವಿಷಯ ಒಂದೇ, ಜಾನಪದ ನೃತ್ಯ. ಫೆಬ್ರವರಿ 21ರ ರಾತ್ರಿ ಒಬ್ಬೊಬ್ಬರೂ ಒಂದೊಂದು ‘ಜನಪದ’ ಎತ್ತಿಕೊಂಡು ಬಂದರು. ಕೆನಡಾದ ಟೆಸ್ಸಾ ವರ್ಚೂ, ಸ್ಕಾಟ್ ಮೋಯರ್ ಜೋಡಿ ಸ್ಪೇನಿನ ಫ್ಲಮೆಂಕೊ ಆರಿಸಿಕೊಂಡಿತ್ತು. ಅಮೆರಿಕದ ನಮ್ಮ ‘ಕಜರಾ ರೇ’ ಜೋಡಿಗೂ ಈ ಕೆನಡಾದವರಿಗೂ ಮಿಷಿಗನ್ನಿನಲ್ಲಿ ಒಂದೇ ರಿಂಕು, ಇಬ್ಬರೇ ಕೋಚುಗಳು. ದಿನಾ ಒಟ್ಟಿಗೆ ಅಭ್ಯಾಸ ಮಾಡಿ, ಒಲಿಂಪಿಕ್ಸ್‌ನಲ್ಲಿ ಎದುರಾಳಿಗಳು.

ಗಲಾಟೆ ಆಗಿದ್ದು ರಷ್ಯಾದ ದಾಮ್ನಿನಾ ಮತ್ತು ಶಾಬಾಲಿನ್ ಜೋಡಿಯದ್ದು. ಅವರು ಆಸ್ಟ್ರೇಲಿಯಾದ ಮೂಲನಿವಾಸಿಗಳ ಕುಣಿತ ಅಂತ ಹೇಳಿಕೊಂಡು ಕಂದು ಬಣ್ಣದ ಬಿಗಿ ಉಡುಪಿನ ಮೇಲೆ ಬಿಳಿ ಪಟ್ಟೆ ಬಳಿದುಕೊಂಡು, ಎಲೆ ಕಟ್ಟಿಕೊಂಡು ಜನವರಿಯ ಯುರೋಪ್ ಚಾಂಪಿಯನ್‌ಷಿಪ್‌ನಲ್ಲಿ ಕುಣಿದಿದ್ದರು. ಆಸ್ಟ್ರೇಲಿಯಾದ ಮೂಲನಿವಾಸಿ ನಾಯಕರು, ಇದು ನಮ್ಮದಲ್ಲ, ನಮಗೆ ಅವಮಾನ ಅಂದರು. ಒಲಿಂಪಿಕ್ಸ್‌ನಲ್ಲಿ ಬಣ್ಣ ಒಂದಿಷ್ಟು ಕಮ್ಮಿ ಮಾಡಿಕೊಂಡು ಅದನ್ನೇ ಕುಣಿದರು. ಮೊದಲ ಸುತ್ತಿನಲ್ಲಿ ಮುಂದಿದ್ದವರು ಆ ರಾತ್ರಿ 62.84 ಅಂಕ ಪಡೆದು ಮೂರನೆಯವರಾದರು. ವರ್ಚೂ–ಮೋಯರ್‌ಗೆ 68.41, ಡೇವಿಸ್–ವೈಟ್‌ಗೆ 67.08. ಕೊನೆಗೆ ಚಿನ್ನ, ಬೆಳ್ಳಿ, ಕಂಚು ಇದೇ ಕ್ರಮದಲ್ಲಿ ಹೋಯ್ತು.

ನಾವು ಆಫೀಸಿನಲ್ಲಿ ರಷ್ಯಾದವರನ್ನ ಬೈದೆವು, ಅಮೆರಿಕದವರನ್ನ ಹೊಗಳಿದೆವು. ಎರಡರ ನಡುವೆ ವ್ಯತ್ಯಾಸ ಇರೋದು ನಿಜ. ಡೇವಿಸ್–ವೈಟ್ ಮಿಷಿಗನ್ನಿನಲ್ಲೇ ಭಾರತೀಯ ನೃತ್ಯ ಗೊತ್ತಿದ್ದವರ ಹತ್ರ ಹೋಗಿ ಕೈ, ಕಣ್ಣು, ಕತ್ತು ಹೇಗಿರಬೇಕು ಅಂತ ಕೇಳಿ ಕಲಿತರು. ಅದು ದೊಡ್ಡ ಮಾತೇ. ಆದರೆ ಅವರು ಕಲಿತಿದ್ದು 2002 ಮತ್ತು 2005ರ ಎರಡು ಸಿನಿಮಾಗಳ ಹಾಡು. ನಮಗ್ಯಾರಿಗೂ ಅದು ತಪ್ಪು ಅನ್ನಿಸಲಿಲ್ಲ. ಇಂಡಿಯಾ ಅಂದ್ರೆ ಹಿಂದಿ ಸಿನಿಮಾ ಅಂತ ಹೊರಗಿನವರು ತಿಳ್ಕೊಂಡರೆ ಬೇಜಾರು ಮಾಡ್ಕೊಳ್ಳೋ ನಾವೇ ಅವತ್ತು ಚಪ್ಪಾಳೆ ಹೊಡೆದೆವು. ಯಾವೂರಲ್ಲಿ ಕುಣಿತಾರೆ ಅಂತ ಕೇಳಿದ್ದು ಮಾವ ಒಬ್ಬರೇ.

ಮಾವನಿಗೆ ಆ ಪ್ರಶ್ನೆ ಹೊಳೆಯೋಕೆ ಕಾರಣ ಇತ್ತು. ಕೆಲವು ವರ್ಷಗಳ ಹಿಂದೆ ಅವರ ತಂಡ ಒಂದು ಜಾನಪದ ಸ್ಪರ್ಧೆಗೆ ಹೋಗಿತ್ತು. ಎಲ್ಲಿ, ಯಾರು ನಡೆಸಿದ್ದು ಅಂತ ಇಲ್ಲಿ ಬೇಡ. ಅಂಕಪಟ್ಟಿಯಲ್ಲಿ ವೇಷಭೂಷಣಕ್ಕಿಷ್ಟು, ಲಯಕ್ಕಿಷ್ಟು, ಸಮೂಹ ಹೊಂದಾಣಿಕೆಗಿಷ್ಟು ಅಂತ ಭಾಗ ಮಾಡಿದ್ದರು. ಸಮಯ ಇಷ್ಟೇ ನಿಮಿಷ. ಕಂಸಾಳೆಯವರು ಹಾಡೋದು ಮಾದಪ್ಪನ ಕತೆ. ಕೂತು ಪೂರ್ತಿ ಹಾಡಿದರೆ ರಾತ್ರಿಯೆಲ್ಲ ಬೇಕು. ಅದರಲ್ಲಿ ಒಂದು ತುಣುಕು ಆರಿಸಿಕೊಂಡು ಹೋದರೂ, ಮಾದಪ್ಪನನ್ನ ದಾರಿಯಲ್ಲಿ ನಿಲ್ಲಿಸಿ ಇಳಿಯೋಕೆ ಇವರಿಗೆ ಮನಸ್ಸು ಬರಲಿಲ್ಲ. ಸೀಟಿ ಊದಿದ ಮೇಲೂ ಹಾಡಿದರು. ಅಂಕ ಕಳೆದರು. ಗೆದ್ದ ತಂಡ ಹಾಡು ಎರಡೇ ಸಾಲಿಗೆ ಮುಗಿಸಿ, ಒಬ್ಬರ ಹೆಗಲ ಮೇಲೆ ಒಬ್ಬರು ಹತ್ತಿ, ಮೂರನೇ ಅಂತಸ್ತಿನ ಮೇಲೆ ನಿಂತ ಹುಡುಗ ಕಂಸಾಳೆ ಬೀಸಿದ್ದ. “ಚೆನ್ನಾಗೇ ಮಾಡುದ್ರು, ಅದ್ರಲ್ಲೇನೂ ಸುಳ್ಳಿಲ್ಲ” ಅಂತಲೇ ಹೇಳ್ತಾರೆ ಮಾವ.

ಕುಣಿತಕ್ಕೆ ಅಂಕ ಬಂದ ಕಡೆಯೆಲ್ಲ ಮೈ ಮೇಲಕ್ಕೆ ಹೋಗುತ್ತೆ ಅಂತ ಕಾಣುತ್ತೆ. ಐಸ್ ಮೇಲೆ ಆಗಿದ್ದೂ ಅದೇ. ವ್ಯಾಂಕೂವರ್‌ನ ಗಂಡಸರ ವಿಭಾಗದಲ್ಲಿ ಒಂದೂ ನಾಲ್ಕು ಸುತ್ತಿನ ಜಂಪ್ ಮಾಡದೆ ಇವಾನ್ ಲೈಸಾಚೆಕ್ ಚಿನ್ನ ಗೆದ್ದ. ಅದಕ್ಕೆ ಪ್ಲುಶೆಂಕೊ ಕಡೆಯವರು ಕೂಗಾಡಿದರು, ಆಮೇಲೆ ನಾಲ್ಕು ಸುತ್ತಿನ ಬೆಲೆ ಏರಿತು. 2018ರ ಹೊತ್ತಿಗೆ ನೇಥನ್ ಚೆನ್ ಒಂದೇ ಪ್ರದರ್ಶನದಲ್ಲಿ ಅಂಥ ಆರು ಜಂಪ್ ಹಾಕಿದ. ನೋಡೋಕೆ ಉಸಿರು ಕಟ್ಟುತ್ತೆ, ಒಪ್ಪಿದೆ. ಯಾವ ಸಂಗೀತಕ್ಕೆ ಕುಣಿದ ಅಂತ ಕೇಳಿದರೆ ನನಗೆ ನೆನಪಿಲ್ಲ.

ನಮ್ಮ ದೇಶಕ್ಕೆ ಈ ಆಟ ದಕ್ಕಿರೋದು ಅಲ್ಲಲ್ಲಿ. ಶಿಮ್ಲಾದಲ್ಲಿ 1920ರಿಂದ ಬಯಲಿನಲ್ಲೇ ಐಸ್ ಕಟ್ಟಿಸೋ ರಿಂಕ್ ಇದೆ, ಚಳಿ ಬಿದ್ದ ವರ್ಷ ಆಟ, ಬೀಳದ ವರ್ಷ ಇಲ್ಲ. ದಕ್ಷಿಣದವರಿಗೆ ಗಾಲಿಯೇ ಗತಿ. ವ್ಯಾಂಕೂವರ್ ನಡೆದ ಅದೇ 2010ರ ನವೆಂಬರ್‌ನಲ್ಲಿ ಹೈದರಾಬಾದಿನ ಅನೂಪ್ ಕುಮಾರ್ ಯಾಮ ಗುವಾಂಗ್‌ಝೌ ಏಷ್ಯನ್ ಗೇಮ್ಸ್‌ನಲ್ಲಿ ಗಾಲಿ ಸ್ಕೇಟ್ ಮೇಲೆ ಕುಣಿದು ಎರಡು ಕಂಚು ತಂದರು, ಒಂದು ಒಬ್ಬರೇ, ಇನ್ನೊಂದು ಅವನಿ ಪಾಂಚಾಲ್ ಜತೆ. ಅದನ್ನ ನನಗೆ ಯಾರೂ ಫಾರ್ವರ್ಡ್ ಮಾಡಲಿಲ್ಲ. ನಾನೂ ಮಾಡಲಿಲ್ಲ. ನಮ್ಮ ರಾಜ್ಯದ ಮಟ್ಟಿಗೆ ಹಿಮದ ಆಟದಲ್ಲಿ ಹೆಸರು ಮಾಡಿರೋದು ಕೊಡಗಿನ ಭವಾನಿ ತೆಕ್ಕಡ ನಂಜುಂಡ, ಗುಲ್ಮಾರ್ಗ್‌ನ ಖೇಲೋ ಇಂಡಿಯಾ ಕೂಟದಲ್ಲಿ ಪದಕ ಗೆದ್ದವರು. ಅವರದ್ದು ಕ್ರಾಸ್ ಕಂಟ್ರಿ ಸ್ಕೀಯಿಂಗ್. ಅಲ್ಲಿ ಚೆಂದಕ್ಕೆ ಅಂಕ ಕೊಡೋ ಜಡ್ಜ್‌ಗಳಿಲ್ಲ, ಗಡಿಯಾರ ಇದೆ.

ಜಾನಪದದ ಆ ಸುತ್ತು ಇತ್ತಲ್ಲ, ಒರಿಜಿನಲ್ ಡ್ಯಾನ್ಸ್ ಅಂತ ಅದರ ಹೆಸರು. ವ್ಯಾಂಕೂವರ್ ಮುಗಿದ ಕೆಲವೇ ತಿಂಗಳಿಗೆ, ಜೂನ್‌ನಲ್ಲಿ, ಅದನ್ನೂ ಕಡ್ಡಾಯ ಸುತ್ತನ್ನೂ ತೆಗೆದು ಎರಡನ್ನೂ ಸೇರಿಸಿ ಹೊಸದೊಂದು ಮಾಡಿದರು.

ಯುಗಾದಿಯ ಆ ಸಂಜೆ ಮಾವ ವಿಡಿಯೋವನ್ನ ಇನ್ನೊಂದು ಸಲ ಹಾಕಿಸಿದರು. ಈ ಸಲ ಮುಖ ನೋಡಲಿಲ್ಲ, ಘಾಗ್ರಾ ನೋಡಲಿಲ್ಲ, ಪರದೆಯ ತಳಕ್ಕೆ ಕಣ್ಣಿಟ್ಟಿದ್ದರು. ನಿಲ್ಸು ಅಂದರು. ನಿಲ್ಲಿಸಿದೆ.

“ಹಿಂದ್ಗಡ ನೋಡು ಮಗ, ಗೆರ ಬಿದ್ದದ.”

ಹೌದು, ಇಬ್ಬರ ಕಾಲ ಹಿಂದೆ ಐಸ್ ಮೇಲೆ ಎರಡು ತೆಳ್ಳನೆಯ ಬಿಳಿ ಗೆರೆಗಳು ಬಾಗಿಕೊಂಡು ಬಂದು, ಒಂದನ್ನೊಂದು ದಾಟಿ, ಅಂಚಿನಾಚೆ ಹೋಗಿದ್ದವು. ಅಷ್ಟು ಸಲ ನೋಡಿದ್ದರೂ ನನ್ನ ಕಣ್ಣಿಗೆ ಅದು ಬಿದ್ದಿರಲಿಲ್ಲ.

“ಅದ್ಕೆಷ್ಟು ಕೊಟ್ರು?”

ಅದಕ್ಕೆ ಈಗ ಕೊಡಲ್ಲ ಮಾವ ಅಂದೆ.